ದೀಪ ಉರಿಯುತ್ತಿದೆ, ಹೌದು

‘ಶಾಲೆಗೆ ಫೈಬರ್ ಸಂಪರ್ಕ ಕಲ್ಪಿಸಲಾಗಿದೆ.’ ಈ ವಾಕ್ಯದಲ್ಲಿ ಕರ್ತೃ ಯಾರು ಎಂದು ವ್ಯಾಕರಣದ ಮೇಷ್ಟ್ರು ಕೇಳಿದರೆ ಯಾರೂ ಕೈ ಎತ್ತುವುದಿಲ್ಲ. ಕರ್ಮಣಿ ಪ್ರಯೋಗದ ಸೊಗಸೇ ಅದು: ಕೆಲಸ ಆಗಿರುತ್ತದೆ, ಮಾಡಿದವರು ಇರುವುದಿಲ್ಲ.

ಕಾಮಗಾರಿ ಮುಗಿದ ವರದಿಯಲ್ಲಿ ಮೂರು ಪ್ರಶ್ನೆ. ಕೇಬಲ್ ಕಟ್ಟಡ ಮುಟ್ಟಿದೆಯೇ? ಕೇಬಲ್ಲಿನ ಬೆಳಕನ್ನು ಇಂಟರ್‌ನೆಟ್ ಆಗಿಸುವ ಪೆಟ್ಟಿಗೆ ಗೋಡೆಗೆ ಕೂತಿದೆಯೇ? ಪೆಟ್ಟಿಗೆಯಲ್ಲಿ ದೀಪ ಉರಿಯುತ್ತಿದೆಯೇ? ಮೂರಕ್ಕೂ ‘ಹೌದು’ ಬಿದ್ದರೆ ಶಾಲೆ ಜಗತ್ತಿಗೆ ಸೇರಿತು. ಏಳನೇ ತರಗತಿಯ ಕೋಣೆಯಲ್ಲಿ ಒಂದು ಪುಟವಾದರೂ ತೆರೆಯುತ್ತದೆಯೇ ಎಂಬ ನಾಲ್ಕನೇ ಪ್ರಶ್ನೆಗೆ ನಮೂನೆಯಲ್ಲಿ ಜಾಗವಿಲ್ಲ. ಕಾಗದದ ಅಳತೆಯೇ ಅಷ್ಟು, ಏನು ಮಾಡುವುದು.

ಇಂಥ ಜಾಲಗಳ ಶೋಭೆ ಇರುವುದು ರಿಂಗಿನಲ್ಲಿ. ಕೇಂದ್ರದಿಂದ ಹೊರಟು, ಶಾಲೆಗಳನ್ನೆಲ್ಲ ಸುತ್ತಿ, ಮತ್ತೆ ಕೇಂದ್ರಕ್ಕೇ ಬರುವ ದಾರಿ ಅದು. ಫೈಬರಿನ ಗಾಜಿನ ಎಳೆಯಲ್ಲಿ ಮಾಹಿತಿ ಹೊತ್ತು ಸಾಗುವುದು ಬೆಳಕು. ಒಂದು ಕಡೆ ಕಡಿದರೆ ಇನ್ನೊಂದು ಕಡೆಯಿಂದ ಅದು ಹರಿಯಬೇಕು. ನಕ್ಷೆಯಲ್ಲಂತೂ ಉಂಗುರದಷ್ಟೇ ಗುಂಡಗಿರುತ್ತದೆ. ನೆಲಕ್ಕಿಳಿದಾಗ ಮಾತ್ರ, ಎರಡು ಕಂದಕ ತೋಡುವುದು ದುಂದು ಎಂದು ಯಾರಿಗೋ ಹೊಳೆಯುತ್ತದೆ. ಹೋಗುವ ದಾರಿ, ಬರುವ ದಾರಿ ಎರಡೂ ಒಂದೇ ಕಂದಕ ಸೇರುತ್ತವೆ. ಕೆಲವೆಡೆ ಒಂದೇ ಪೈಪು. ಇನ್ನೂ ಮಿತವ್ಯಯದ ಮನಸ್ಸಿದ್ದರೆ ಒಂದೇ 24 ಎಳೆಯ ಕೇಬಲ್ಲಿನ ನೀಲಿ ಟ್ಯೂಬಿನಲ್ಲಿ ಹೋಗಿ ಕಿತ್ತಳೆ ಟ್ಯೂಬಿನಲ್ಲಿ ಬರುವುದು. ಜೆಸಿಬಿಯ ಹಲ್ಲಿಗೆ ನೀಲಿ–ಕಿತ್ತಳೆಯ ಭೇದವಿಲ್ಲ, ಅದು ಸಮದರ್ಶಿ. ನಿಜವಾದ ರಿಂಗಿಗೆ ಎರಡು ಬೇರೆ ರಸ್ತೆ ಬೇಕು, ಕಟ್ಟಡದೊಳಕ್ಕೆ ಎರಡು ಬೇರೆ ಪ್ರವೇಶ ಬೇಕು, ಹೊಳೆ ದಾಟಬೇಕಿದ್ದರೆ ಎರಡು ಬೇರೆ ಸೇತುವೆ ಬೇಕು. ಎರಡನೇ ದಾರಿಯನ್ನು ಬೇರೊಂದು ಕಂಪನಿಯಿಂದ ಬಾಡಿಗೆಗೆ ಪಡೆದು ಪಾರಾದೆವು ಎಂದುಕೊಂಡರೆ, ಆ ಕಂಪನಿಯೂ ಅದೇ ಪೈಪಿನಲ್ಲಿ ಬಾಡಿಗೆಗಿರಬಹುದು. ಬಿಲ್ಲು ಎರಡು, ಗುಂಡಿ ಒಂದು.

ಆಳದ ಕಥೆಯೂ ಹೀಗೇ. ಅಂದಾಜುಪಟ್ಟಿಯಲ್ಲಿ ಮೀಟರಿಗೂ ಹೆಚ್ಚು. ಬಂಡೆ ಸಿಕ್ಕಲ್ಲಿ ಮೊಣಕಾಲು, ಸಂಜೆಯಾದಲ್ಲಿ ಮೊಣಕೈ. ಪೈಪಿನ ಮೇಲೆ ಸುಮಾರು 30 ಸೆಂಟಿಮೀಟರ್ ಮಣ್ಣು ತುಂಬಿ, ಆಮೇಲೆ ಎಚ್ಚರಿಕೆ ಪಟ್ಟಿ ಹಾಸಬೇಕು. ಅಗೆಯುವವನಿಗೆ ಮೊದಲು ಪಟ್ಟಿ ಸಿಗಲಿ, ಅವನು ಅಲ್ಲೇ ನಿಲ್ಲಲಿ ಎಂಬುದಕ್ಕೆ. ಪಟ್ಟಿಯನ್ನು ಪೈಪಿನ ಬೆನ್ನಿಗೇ ಅಂಟುವಂತೆ ಹಾಸಿ ಮುಚ್ಚಿದರೆ ಕೇಬಲ್ಲೂ ಎಚ್ಚರಿಕೆಯೂ ಜೋಡಿಯಾಗಿ ಮೇಲೆ ಬರುತ್ತವೆ, ‘ಕೆಳಗೆ ಫೈಬರ್ ಇದೆ’ ಎಂಬ ಬರಹ ಸಮೇತ. ಪೈಪು ಪ್ಲಾಸ್ಟಿಕ್ಕು, ಒಳಗಿನ ಎಳೆ ಗಾಜು. ಜೊತೆಗೊಂದು ಲೋಹದ ತಂತಿ ಎಳೆಯದಿದ್ದರೆ ನೆಲದಡಿಯ ತಂತಿ ಹುಡುಕುವ ಯಂತ್ರದ ಪಾಲಿಗೆ ಆ ಕೇಬಲ್ ಇಲ್ಲವೇ ಇಲ್ಲ. ಕೊನೆಗೆ ಅದು ಎಲ್ಲಿದೆಯೆಂದು ಖಚಿತವಾಗಿ ತೋರಿಸಿಕೊಡುವುದು ಜೆಸಿಬಿಯೊಂದೇ.

ಇನ್ನು ಬೆಳಕಿನ ಜಮಾಖರ್ಚು. ಜಿಪಾನ್ ಎಂಬ ವ್ಯವಸ್ಥೆಯಲ್ಲಿ ಕೇಂದ್ರದ ಒಂದು ಎಳೆಯ ಬೆಳಕನ್ನು ಸ್ಪ್ಲಿಟರಿನಲ್ಲಿ 32 ಪಾಲು ಮಾಡಿ ಹಂಚುತ್ತಾರೆ. ದಾರಿಯಲ್ಲಿ ಸೋರುವ ಬೆಳಕನ್ನು ಅಳೆಯುವುದು ಡೆಸಿಬೆಲ್ಲಿನಲ್ಲಿ. ಬಿ+ ದರ್ಜೆಯ ಉಪಕರಣ ದಾರಿಯುದ್ದಕ್ಕೂ 28 ಡೆಸಿಬೆಲ್‌ವರೆಗಿನ ನಷ್ಟ ತಾಳುತ್ತದೆ. 12 ಕಿ.ಮೀ. ಗಾಜಿಗೆ, ಕಿ.ಮೀ.ಗೆ 0.35ರಂತೆ, 4.2 ಹೋಯಿತು. ಸ್ಪ್ಲಿಟರಿಗೆ ಸುಮಾರು 17. ಎಂಟು ಬೆಸುಗೆ, ತಲಾ 0.1ರಂತೆ 0.8. ನಾಲ್ಕು ಕನೆಕ್ಟರ್, ತಲಾ 0.5ರಂತೆ 2. ಕೂಡಿದರೆ 24. ಮಿಕ್ಕ 4 ಡೆಸಿಬೆಲ್ ಆಪದ್ಧನ: ಮುಂದಾಗುವ ಕಡಿತ, ರಿಪೇರಿ, ಧೂಳಿಗೆಂದು ಎತ್ತಿಟ್ಟ ಗಂಟು.

ಗಂಟು ಕಂಡ ಕೈ ಸುಮ್ಮನಿದ್ದೀತೇ? ‘ಪಕ್ಕದಲ್ಲೇ ಗ್ರಂಥಾಲಯ ಇದೆಯಲ್ಲ, ಅಲ್ಲಿಗೂ ಒಂದು ಎಳೆದುಬಿಡಿ’ ಎಂದು ಉದ್ಘಾಟನೆಯ ವಾರದಲ್ಲಿ ಅಪ್ಪಣೆಯಾಗುತ್ತದೆ. ಕೇಬಲ್ಲಿನಲ್ಲಿ ಖಾಲಿ ಎಳೆಗಳಿದ್ದರೂ ಅವನ್ನು ಹುಡುಕುವ ಪುರುಸೊತ್ತು ಯಾರಿಗಿದೆ? ಶಾಲೆಯ ಎಳೆಗೇ 1:2 ಸ್ಪ್ಲಿಟರ್ ಬೀಳುತ್ತದೆ, 3.5 ಡೆಸಿಬೆಲ್ ಖರ್ಚು. ಉಳಿದ ಅರ್ಧ ಡೆಸಿಬೆಲ್ಲಿನಲ್ಲಿ ಸಂಸಾರ ನಡೆಯಬೇಕು. ಅಷ್ಟರಲ್ಲಿ ಮೊದಲ ಕಡಿತ. ದಾರಿಯ ಪ್ರತಿ ಚೇಂಬರಿನಲ್ಲಿ, ಅಂದರೆ ಕೇಬಲ್ ತೆರೆದು ನೋಡುವ ಗುಂಡಿಯಲ್ಲಿ, 10–15 ಮೀಟರ್ ಕೇಬಲ್ ಸುರುಳಿ ಬಿಟ್ಟಿದ್ದರೆ ಅದನ್ನೇ ಎಳೆದುಕೊಂಡು ಎಳೆಗೊಂದು ಬೆಸುಗೆಯಲ್ಲಿ ಮುಗಿಸಬಹುದಿತ್ತು. ಸುರುಳಿ ‘ಉಳಿತಾಯ’ದ ಲೆಕ್ಕಕ್ಕೆ ಹೋಗಿರುವುದರಿಂದ ನಡುವೆ ತುಂಡು ಸೇರಿಸಿ, ಎರಡು ಕಡೆ ಬೆಸೆದು, ಬೆಸುಗೆ ಕಾಯುವ ಎರಡು ಕ್ಲೋಶರ್ ಡಬ್ಬಿ ಹೂಳಬೇಕು. ಸಾಲದ್ದಕ್ಕೆ ಹಸಿರು ಕನೆಕ್ಟರ್ ಬದಲಿಸಲು ಬಂದವರ ಚೀಲದಲ್ಲಿ ನೀಲಿ ಕನೆಕ್ಟರ್ ಮಾತ್ರ ಇತ್ತೆನ್ನಿ. ಹಸಿರು ಕನೆಕ್ಟರಿನ ಮುಖ 8 ಡಿಗ್ರಿ ಓರೆ, ನೀಲಿಯದು ನೇರ. ಹಸಿರಿಗೆ ನೀಲಿ ಒತ್ತಿದರೂ ‘ಟಕ್’ ಎಂದು ಕೂರುತ್ತದೆ, ನೋಡುವವರಿಗೆ ನೆಮ್ಮದಿ. ಒಳಗೆ ಗಾಜು ಗಾಜಿಗೆ ತಾಗಿರುವುದಿಲ್ಲ. ಆ ಸಂದಿಯಲ್ಲೇ ಹಲವು ಡೆಸಿಬೆಲ್ ಸೋರಿಹೋಗುತ್ತದೆ.

ವೇಗದ ಘೋಷಣೆ ‘ಪ್ರತಿ ಶಾಲೆಗೂ 1 ಗಿಗಾಬಿಟ್’. ಜಿಪಾನ್ ಪೋರ್ಟು, ಅಂದರೆ ಕೇಂದ್ರದ ಆ ಒಂದು ಎಳೆ ಹೊರಡುವ ಕಿಂಡಿ, ಶಾಲೆಗಳ ಕಡೆಗೆ ಕೊಡುವುದು ಸೆಕೆಂಡಿಗೆ ಒಟ್ಟು 2.488 ಗಿಗಾಬಿಟ್. 32 ಶಾಲೆಗಳು ಒಟ್ಟಿಗೆ ಕೈ ಚಾಚಿದರೆ ತಲಾ 77 ಮೆಗಾಬಿಟ್ ಚಿಲ್ಲರೆ. ಇದು ತಪ್ಪಲ್ಲ. ಎಲ್ಲರೂ ಒಂದೇ ಕ್ಷಣಕ್ಕೆ ಕೇಳುವುದಿಲ್ಲ ಎಂಬ ಲೆಕ್ಕದ ಮೇಲೇ ಜಾಲಗಳು ನಿಂತಿರುವುದು, 77 ಕೂಡ ಸಣ್ಣ ಮೊತ್ತವಲ್ಲ. ಆದರೆ ಕೇಂದ್ರದ ಯಂತ್ರದಲ್ಲಿ ಇಂಥ 8 ಪೋರ್ಟು, ಅಂದರೆ 256 ಶಾಲೆ. ಅಷ್ಟನ್ನೂ ಹೊರಜಗತ್ತಿಗೆ ಕೊಂಡೊಯ್ಯುವ ದಾರಿಗೆ 10 ಗಿಗಾಬಿಟ್ ಮಾಡ್ಯೂಲ್ ಕೊಳ್ಳಲಿಲ್ಲ. 1 ಗಿಗಾಬಿಟ್ಟಿನದೇ ಸಾಕೆಂದು ಬರೆದರು. ಭಾಗಿಸಿ ನೋಡಿ, 4 ಮೆಗಾಬಿಟ್ಟೂ ಬರುವುದಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಯನ್ನು ಇಷ್ಟು ನಿಖರವಾಗಿ ಅಳೆದು ತೋರಿಸಿದ ಯೋಜನೆ ಬೇರೆ ಇರಲಾರದು. ಆನ್‌ಲೈನ್ ಪರೀಕ್ಷೆಯ ದಿನ 256 ಶಾಲೆಗಳಲ್ಲೂ ಗಂಟೆ ಬಾರಿಸುವುದು ಬೆಳಿಗ್ಗೆ ಹತ್ತಕ್ಕೇ.

ಶಾಲೆಯೊಳಗೆ ಪೆಟ್ಟಿಗೆಯ ಜಾಗ ಎಲ್ಲಿ? ರಸ್ತೆಗೆ ಹತ್ತಿರದ ಗೋಡೆಯಲ್ಲಿ, ಅಂದರೆ ಮುಖ್ಯೋಪಾಧ್ಯಾಯರ ಕೋಣೆಯಲ್ಲಿ, ಅವರು ಮೀಟಿಂಗಿಗೆ ಹೋದ ದಿನ ಬೀಗದೊಳಗೆ. 12 ತರಗತಿಗೆ ಅಲ್ಲಿಂದಲೇ ಒಂದು ವೈಫೈ. ನಡುವೆ ನಾಲ್ಕು ಗೋಡೆ. ತರಗತಿಗೊಂದರಂತೆ ವೈಫೈ ಹರಡುವ ಆಕ್ಸೆಸ್ ಪಾಯಿಂಟ್ ಇಟ್ಟು, ಜಾಲ ಹಂಚುವ ಸ್ವಿಚ್ಚಿನಿಂದಲೇ ವಿದ್ಯುತ್ತನ್ನೂ ಹರಿಸುವ ಕ್ಯಾಟ್ 6 ತಂತಿ ಎಳೆಯಬೇಕು ಎಂದರೆ ‘ಅದು ಕಟ್ಟಡದ ಬಾಬತ್ತು, ನಮ್ಮದು ಗೋಡೆಯವರೆಗೆ’ ಎಂಬ ಉತ್ತರ ಸಿದ್ಧ. ಎಲ್ಲೋ ಒಂದು ಕಡೆ ಎಳೆದರೂ 8 ಎಳೆಗಳಲ್ಲಿ ನಾಲ್ಕನ್ನಷ್ಟೇ ತುದಿಯ ಪ್ಲಗ್ಗಿಗೆ ಒತ್ತಿ ಕೂರಿಸಿರುತ್ತಾರೆ. ಗಿಗಾಬಿಟ್ಟಿಗೆ ನಾಲ್ಕೂ ಜೋಡಿ ಬೇಕು. ಎರಡೇ ಜೋಡಿಯಾದರೆ 100 ಮೆಗಾಬಿಟ್ಟಿಗೆ ನಿಲ್ಲುತ್ತದೆ. ಕರೆಂಟು ಹೋದರಂತೂ ಸರಿಯೇ ಸರಿ. ಪೆಟ್ಟಿಗೆಗೆ ಸಣ್ಣದೊಂದು 12 ವೋಲ್ಟಿನ ಬ್ಯಾಟರಿ ಕೆಲವು ಗಂಟೆ ಜೀವ ಕೊಟ್ಟೀತು. ಅದು ವಿದ್ಯುತ್ತಿನ ಬಾಬತ್ತು.

ಪರೀಕ್ಷೆ ನಡೆದಿಲ್ಲವೆನ್ನುವಂತಿಲ್ಲ. ಸ್ಪೀಡ್ ಟೆಸ್ಟ್ ಉದ್ಘಾಟನೆಯ ದಿನವೇ ಆಗಿದೆ, ಪೆಟ್ಟಿಗೆಗೆ ನೇರ ಸಿಕ್ಕಿಸಿದ ಲ್ಯಾಪ್‌ಟಾಪಿನಲ್ಲಿ, ಬೇರೆ ಯಾವ ಶಾಲೆಗೂ ಬೆಳಕು ಬಿಡುವ ಮೊದಲು. ಒಟಿಡಿಆರ್ ಗ್ರಾಫುಗಳೂ ಕಡತದಲ್ಲಿವೆ. ಎಳೆಯ ನಾಡಿ ನೋಡುವ ಈ ಯಂತ್ರದಿಂದ ಎರಡೂ ತುದಿಯಿಂದ ಅಳೆಯಬೇಕು. ಯಂತ್ರಕ್ಕೂ ಎಳೆಗೂ ನಡುವೆ ಲಾಂಚ್ ಕೇಬಲ್ ಎಂಬ ಹೆಚ್ಚುವರಿ ಫೈಬರ್ ಸುರುಳಿ ಇಡಬೇಕು, ಇಲ್ಲದಿದ್ದರೆ ಮೊದಲ ಕನೆಕ್ಟರಿನ ದೋಷ ಯಂತ್ರದ ಕುರುಡು ವಲಯದಲ್ಲಿ ಅಡಗುತ್ತದೆ. ಅಷ್ಟೆಲ್ಲ ತ್ರಾಸವೇಕೆಂದು ಒಂದೇ ಗ್ರಾಫನ್ನು 40 ಸಲ ನಕಲು ತೆಗೆದ ಕಡತದಲ್ಲಿ ಗುಡ್ಡದ ಶಾಲೆಯೂ ಹೊಳೆಯಾಚೆಯ ಶಾಲೆಯೂ ಕೇಂದ್ರದಿಂದ ಒಂದೇ ದೂರ, ಮೀಟರೂ ತಪ್ಪದೆ. ಭೂಗೋಳದ ಪಾಠ ತಿದ್ದಬೇಕಾದೀತು.

ಆರು ತಿಂಗಳ ಮೇಲೆ ಮರುಪರಿಶೀಲನೆಗೆ ಬರುತ್ತಾರೆ, ಅದೇ ನಮೂನೆ ಹಿಡಿದು. ಕೇಬಲ್ ಕಟ್ಟಡ ಮುಟ್ಟಿದೆಯೇ? ಹೌದು, ಈಚೆಯ ತುದಿ ಅಲ್ಲೇ ಇದೆ. ಪೆಟ್ಟಿಗೆ? ಹೌದು, ಗೋಡೆಯಲ್ಲೇ. ದೀಪ? ಬೆಳಕು ಬರುವುದು ನಿಂತಾಗ ಕೆಂಪು ದೀಪವೊಂದು ಮಿಣುಕಲಿ ಎಂದೇ ಆ ಪೆಟ್ಟಿಗೆಯನ್ನು ಮಾಡಿರುತ್ತಾರೆ, ಅದು ಮಿಣುಕುತ್ತಿದೆ. ಬಣ್ಣ ಬರೆಯಲು ನಮೂನೆಯಲ್ಲಿ ಜಾಗವಿಲ್ಲ. ಹೌದು ಎಂದು ಬರೆದುಕೊಂಡು ಹೋಗುತ್ತಾರೆ.