ಸಾಯುವ ತನಕ ಕರುಣೆ

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ನಮ್ಮ ಹಿರಿಯರ ಆಸೆಯನ್ನು ಕಾನೂನು ಪಂಡಿತರು ಕೊನೆಗೂ ಈಡೇರಿಸಿದ್ದಾರೆ. ಅದರ ಹೆಸರು ಪೆರೋಲ್ ಇಲ್ಲದ ಜೀವಾವಧಿ ಶಿಕ್ಷೆ. ಕೊಲ್ಲುವುದಿಲ್ಲ, ಸಾಯುವ ತನಕ ಬಿಡುವುದೂ ಇಲ್ಲ. ನೇಣುಗಂಬ ಬೇಡ, ಹಗ್ಗ ಬೇಡ, ನಸುಕಿನಲ್ಲಿ ಎದ್ದು ಬಂದು ನಾಡಿ ಹಿಡಿಯುವ ವೈದ್ಯರೂ ಬೇಡ. ಕೊಲ್ಲುವ ಕೆಲಸವನ್ನು ಸಕ್ಕರೆ ಕಾಯಿಲೆಗೂ ಮುಪ್ಪಿಗೂ ಗುತ್ತಿಗೆ ಕೊಟ್ಟಾಗಿದೆ. ಸರ್ಕಾರದ ಕೈ ತೊಳೆದಷ್ಟು ಶುಭ್ರ.

ಇಲ್ಲಿ ಪೆರೋಲ್ ಎಂದರೆ ತಂಗಿಯ ಮದುವೆಗೆ ಹೋಗಿಬರಲು ಕೊಡುವ ನಾಲ್ಕು ದಿನದ ರಜೆಯಲ್ಲ. ಇಷ್ಟು ವರ್ಷ ಕಳೆದ ಮೇಲೆ ಒಂದು ಮಂಡಳಿ ಕೈದಿಯನ್ನು ಕರೆಸಿ, ಕಡತ ತಿರುವಿ, ಷರತ್ತಿನ ಮೇಲೆ ಬಿಡಬಹುದೋ ಬಾರದೋ ಎಂದು ತೀರ್ಮಾನಿಸುವ ಏರ್ಪಾಟು. ಬಿಡಲೇಬೇಕೆಂದೇನೂ ಇಲ್ಲ, ನೋಡಬೇಕು, ಅಷ್ಟೇ. ಈ ಶಿಕ್ಷೆ ಆ ನೋಡುವುದನ್ನೇ ರದ್ದು ಮಾಡಿದೆ.

ಈ ಸರಕನ್ನು ಎರಡು ಕೌಂಟರುಗಳಲ್ಲಿ ಮಾರುತ್ತಾರೆ. ಮೊದಲನೆಯದರ ಮುಂದೆ ಗಲ್ಲು ಶಿಕ್ಷೆ ಬೇಡ ಎನ್ನುವವರು ನಿಂತಿರುತ್ತಾರೆ. ಅವರಿಗೆ, "ನೋಡಿ, ನಾವು ಜೀವ ತೆಗೆಯುವವರಲ್ಲ" ಎಂದು ಪೊಟ್ಟಣ ಕಟ್ಟಿಕೊಡುತ್ತಾರೆ. ಎರಡನೆಯದರ ಮುಂದೆ ರಕ್ತ ಕುದಿಯುತ್ತಿರುವವರು. ಅವರಿಗೆ, "ನೇಣಾದರೆ ನಿಮಿಷದ ಕೆಲಸ. ಇದಾದರೆ ನಲವತ್ತು ವರ್ಷ ದಿನಾ ಸಾಯುತ್ತಾನೆ" ಎಂದು ಅದೇ ಪೊಟ್ಟಣ. ಒಂದರ ಮೇಲೆ ಕರುಣೆ ಎಂಬ ಚೀಟಿ, ಇನ್ನೊಂದರ ಮೇಲೆ ಸೇಡು ಎಂಬ ಚೀಟಿ. ಎರಡೂ ಕಡೆಯ ಗಿರಾಕಿಗಳು ತೃಪ್ತರಾಗಿ ಮನೆಗೆ ಹೋಗುತ್ತಾರೆ.

ಎರಡನೇ ಕೌಂಟರನ್ನು ತೆರೆದವನು ಬೇರೆ ಯಾರೂ ಅಲ್ಲ, ಮರಣದಂಡನೆಯ ವಿರುದ್ಧ ಮೊದಲಿಗೆ ಗಟ್ಟಿಯಾಗಿ ವಾದಿಸಿದ ಇಟಲಿಯ ಬೆಕಾರಿಯಾ. 1764ರಲ್ಲಿ ಅವನು ಕೊಟ್ಟ ಕಾರಣಗಳಲ್ಲೊಂದು ಇದು: ಸಾವು ಕ್ಷಣದಲ್ಲಿ ಮುಗಿದು ಮರೆತುಹೋಗುತ್ತದೆ, ಜೀವನಪೂರ್ತಿ ಕತ್ತೆಯಂತೆ ದುಡಿಯುವ ಕೈದಿಯನ್ನು ಕಂಡರೆ ಜನ ಹೆಚ್ಚು ಕಾಲ ಹೆದರುತ್ತಾರೆ. ಶತಮಾನ ಕಳೆದು 1868ರಲ್ಲಿ ಬ್ರಿಟಿಷ್ ಸಂಸತ್ತಿನಲ್ಲಿ ತತ್ವಜ್ಞಾನಿ ಜಾನ್ ಸ್ಟೂವರ್ಟ್ ಮಿಲ್ ಎದ್ದುನಿಂತು ಗಲ್ಲನ್ನು ಸಮರ್ಥಿಸಿದ. ಯಾಕೆಂದರೆ ಆಜೀವ ಸೆರೆ ಅದಕ್ಕಿಂತ ಕ್ರೂರ! ಗಲ್ಲು ಬೇಡವೆಂದವನೂ ಬೇಕೆಂದವನೂ ಒಪ್ಪಿಕೊಂಡಿದ್ದ ಭೀಕರ ವಸ್ತು ನಮ್ಮ ಕಾಲಕ್ಕೆ ಬರುವ ಹೊತ್ತಿಗೆ ಮಾನವೀಯತೆಯ ಮೆಟ್ಟಿಲಾಗಿದೆ. ಬೆಕಾರಿಯಾನ ಇಟಲಿಯಲ್ಲೇ 2007ರಲ್ಲಿ 310 ಜೀವಾವಧಿ ಕೈದಿಗಳು ರಾಷ್ಟ್ರಪತಿಗೆ ಪತ್ರ ಬರೆದು, ದಿನಾ ಸ್ವಲ್ಪ ಸ್ವಲ್ಪ ಸಾಯಿಸುವ ಬದಲು ಒಮ್ಮೆಲೇ ಸಾಯಿಸಿ ಎಂದು ಬೇಡಿದರು. ಕೃತಘ್ನರು.

ಈ ಶಿಕ್ಷೆ ವಿಧಿಸಲು ಬೇಕಾದ ಅರ್ಹತೆ ಒಂದೇ: ತ್ರಿಕಾಲಜ್ಞಾನ. ಇಪ್ಪತ್ತರ ಹುಡುಗ ಅರವತ್ತಕ್ಕೆ ಎಂಥವನಾಗಿರುತ್ತಾನೆ ಎಂಬುದು ತೀರ್ಪಿನ ದಿನವೇ ಗೊತ್ತಿರಬೇಕು. ಚಿತ್ರಗುಪ್ತನಾದರೂ ಮನುಷ್ಯ ಸತ್ತ ಮೇಲೇ ಲೆಕ್ಕದ ಪುಸ್ತಕ ಮುಚ್ಚುವುದು. ಇನ್ನು ನಮ್ಮ ನರಕವೋ, ಅದಕ್ಕೂ ಒಂದು ಅವಧಿ ಉಂಟು. ಕುಂಭೀಪಾಕದಲ್ಲಿ ಬೆಂದವನೂ ಪಾಪ ಸವೆದ ಮೇಲೆ ಎದ್ದುಬಂದು ಇನ್ನೊಂದು ಜನ್ಮ ಎತ್ತುತ್ತಾನೆ. ಯಮನಿಗೆ ಚುನಾವಣೆ ಇಲ್ಲವಲ್ಲ, ಅದಕ್ಕೇ ಇರಬೇಕು ಅಷ್ಟು ಸಡಿಲ.

ಚುನಾವಣೆ ಇರುವ ಅಮೆರಿಕದಲ್ಲಿ ಹೀಗೆ ಸಾಯುವ ತನಕ ಒಳಗಿರಬೇಕಾದವರು 55 ಸಾವಿರಕ್ಕೂ ಹೆಚ್ಚು. ಲೂಸಿಯಾನ ರಾಜ್ಯದ ಅಂಗೋಲಾ ಜೈಲಿಗೆ ಹೋದವರಲ್ಲಿ ಬಹುಪಾಲು ಜನ ತಿರುಗಿ ಬರುವುದಿಲ್ಲ ಎಂಬುದು ಆಡಳಿತಕ್ಕೂ ಗೊತ್ತು. ಹಾಗಾಗಿ 1998ರಲ್ಲಿ ಅಲ್ಲೇ ಸಾಯುವವರ ಆರೈಕೆಗೊಂದು ವಾರ್ಡು ತೆರೆದರು. ನೋಡಿಕೊಳ್ಳುವವರೂ ಕೈದಿಗಳೇ. ಹಿಂದೊಮ್ಮೆ ಕೊಲೆ ಮಾಡಿದ್ದವನು ಇಂದು ಸಾಯುತ್ತಿರುವವನ ಮೈ ಒರೆಸಿ, ಬಟ್ಟೆ ಬದಲಿಸಿ, ರಾತ್ರಿಯಿಡೀ ಪಕ್ಕದಲ್ಲಿ ಕೂರುತ್ತಾನೆ. ಅವನು ಬದಲಾಗಿದ್ದಾನೆಯೇ? ಹಾಗೆಲ್ಲ ಕೇಳುವಂತಿಲ್ಲ, ತೀರ್ಪಿನಲ್ಲಿ ಅದಕ್ಕೆ ಜಾಗವಿಲ್ಲ. ಶವಪೆಟ್ಟಿಗೆಗಳನ್ನೂ ಕೈದಿಗಳೇ ಮಾಡುತ್ತಾರೆ. ಎಂಥ ಪಾಪಿಗೂ ಕ್ಷಮೆ ಉಂಟು ಎಂದು ದೇಶದೇಶ ಸುತ್ತಿ ಸಾರಿದ ಧರ್ಮಪ್ರಚಾರಕ ಬಿಲ್ಲಿ ಗ್ರಹಾಂ 2018ರಲ್ಲಿ ತೀರಿಕೊಂಡಾಗ ಮಲಗಿದ್ದು ಅಂಗೋಲಾದ ಕೈದಿಗಳು ಮಾಡಿದ ಪೆಟ್ಟಿಗೆಯಲ್ಲೇ. ಬಿಡುಗಡೆ ಸಿಕ್ಕಿದ್ದು ಪೆಟ್ಟಿಗೆಗೆ.

ಒಂದೇ ಜೀವಾವಧಿ ಸಾಲದು ಎನ್ನುವ ದಾನಶೂರರೂ ಇದ್ದಾರೆ. 1995ರ ಒಕ್ಲಹೋಮಾ ಬಾಂಬ್ ಸ್ಫೋಟದ ಸಂಚುಗಾರನೊಬ್ಬನಿಗೆ ಅಲ್ಲಿನ ನ್ಯಾಯಾಲಯ 2004ರಲ್ಲಿ ಕೊಟ್ಟಿದ್ದು 161 ಜೀವಾವಧಿ, ಒಂದಾದ ಮೇಲೊಂದು. ಪುನರ್ಜನ್ಮದಲ್ಲಿ ಇಷ್ಟು ಗಾಢ ನಂಬಿಕೆ ನಮ್ಮ ಮಠಗಳಲ್ಲೂ ಕಾಣೆ. ಆ ನಂಬಿಕೆಯ ತವರಾದ ಭಾರತದ ಸುಪ್ರೀಂ ಕೋರ್ಟು ಮಾತ್ರ 2016ರಲ್ಲಿ, ಮನುಷ್ಯನಿಗೆ ಇರುವುದೇ ಒಂದು ಜೀವ, ಜೀವಾವಧಿಗಳನ್ನು ಸಾಲಾಗಿ ಜೋಡಿಸಲು ಬರುವುದಿಲ್ಲ ಎಂದುಬಿಟ್ಟಿತು. ಆದರೆ ಇದೇ ಕೋರ್ಟು 2008ರಲ್ಲಿ, ಗಲ್ಲು ಹೆಚ್ಚಾಯಿತು, ಜೀವಾವಧಿ ಎಂದು ಒಳಗಿಟ್ಟು ಹದಿನಾಲ್ಕು ವರ್ಷಕ್ಕೆ ಬಿಟ್ಟರೆ ಕಡಿಮೆಯಾಯಿತು ಎಂದು ನಡುವಿನದೊಂದನ್ನು ಹುಡುಕಿ, ಕೊನೆಯುಸಿರಿನ ತನಕ ಸರ್ಕಾರದ ಶಿಕ್ಷೆ ಕಡಿತವಿಲ್ಲದ ಸೆರೆಯನ್ನು ಕಂಡುಹಿಡಿದಿತ್ತು. 2015ರಲ್ಲಿ ಸಂವಿಧಾನ ಪೀಠ ಅದಕ್ಕೆ ಮುದ್ರೆ ಒತ್ತಿತು, ಐವರಲ್ಲಿ ಇಬ್ಬರು ಬೇಡವೆಂದರೂ.

ಜೀವಾವಧಿ ಎಂದರೆ ಜೀವ ಇರುವ ತನಕ ತಾನೇ ಎಂದು ಅಯೋವಾ ರಾಜ್ಯದ ಕೈದಿಯೊಬ್ಬ ಕಾನೂನನ್ನು ಅಕ್ಷರಶಃ ಓದಿದ. 2015ರಲ್ಲಿ ಅವನ ಹೃದಯ ನಿಂತು, ವೈದ್ಯರು ಮತ್ತೆ ಬಡಿಸಿದ್ದರು. ನಾನು ಸತ್ತಾಯಿತು, ಶಿಕ್ಷೆ ಮುಗಿಯಿತು, ಬಿಡಿ ಎಂದು ಅರ್ಜಿ ಹಾಕಿದ. 2019ರಲ್ಲಿ ಮೇಲ್ಮನವಿ ನ್ಯಾಯಾಲಯದ ಉತ್ತರ ಬಂತು: ಬದುಕಿದ್ದರೆ ಒಳಗಿರಬೇಕು, ಸತ್ತಿದ್ದರೆ ಅರ್ಜಿಗೆ ಅರ್ಥವಿಲ್ಲ. ಈ ವಿಷಯದಲ್ಲಿ ಇಷ್ಟು ಪ್ರಾಮಾಣಿಕವಾದ ತೀರ್ಪನ್ನು ನಾನು ಬೇರೆ ಕಂಡಿಲ್ಲ.

ಯುರೋಪಿನವರು ಸ್ವಲ್ಪ ಮೃದು. ಮರುಪರಿಶೀಲನೆಯ ದಾರಿಯೇ ಇಲ್ಲದ ಆಜೀವ ಸೆರೆ ಅಮಾನವೀಯ ಎಂದು ಅವರ ಮಾನವ ಹಕ್ಕುಗಳ ನ್ಯಾಯಾಲಯ 2013ರಲ್ಲಿ ಬ್ರಿಟನ್ನಿಗೆ ಹೇಳಿತು. ಬ್ರಿಟನ್ ರಾಜಕಾರಣಿಗಳು ಕೆಂಡವಾದರು. 2017ರಲ್ಲಿ ಅದೇ ನ್ಯಾಯಾಲಯ, ಅಸಾಧಾರಣ ಸಂದರ್ಭದಲ್ಲಿ ಬಿಡುವ ಅಧಿಕಾರ ಮಂತ್ರಿಗಳಿಗೆ ಹೇಗೂ ಇದೆಯಲ್ಲ, ಅಷ್ಟು ಸಾಕು ಎಂದು ಸಮಾಧಾನ ಮಾಡಿಕೊಂಡಿತು. ಅಲ್ಲಿಗೆ ಕೈದಿಯ ಭರವಸೆ ಮಂತ್ರಿಗಳ ಮೇಜಿನ ಡ್ರಾಯರಿನಲ್ಲಿ ಭದ್ರ.

ಪ್ರತಿ ವಿಚಾರಣೆಗೂ ಹಳೆಯ ಗಾಯ ಕೆದಕಿಸಿಕೊಳ್ಳಬೇಕಾದ ಕುಟುಂಬಗಳ ಸಂಕಟ ನಿಜ, ಅದರ ಬಗ್ಗೆ ಗೇಲಿಯ ಮಾತಾಡುವ ಧೈರ್ಯ ನನಗಿಲ್ಲ. ಆದರೆ ಅವರ ಹೆಸರು ಹೇಳಿಕೊಂಡು, ಒಮ್ಮೆ ನೋಡಿದರೆ ಬಿಟ್ಟೇಬಿಡಬೇಕಾಗುತ್ತದೆ ಎಂದು ಹೆದರಿಸುವವರಿಗೆ ನಾರ್ವೆ ಅಪಥ್ಯ. 2011ರಲ್ಲಿ 77 ಜನರನ್ನು ಕೊಂದವನಿಗೆ ಅಲ್ಲಿ ಸಿಕ್ಕಿದ್ದು 21 ವರ್ಷ, ಅಪಾಯ ಉಳಿದಿದ್ದರೆ ವಿಸ್ತರಿಸಬಹುದಾದದ್ದು. ಹತ್ತು ವರ್ಷ ಕಳೆದ ಮೇಲೆ ಪೆರೋಲ್ ಕೇಳಿದ. 2022ರಲ್ಲಿ ನ್ಯಾಯಾಲಯ ಅವನನ್ನು ಕೂರಿಸಿ ಕೇಳಿತು. ಅವನು ನಾಜಿ ಸೆಲ್ಯೂಟ್ ಹೊಡೆದ. ಇವನು ಬದಲಾಗಿಲ್ಲ, ಒಳಗೇ ಇರಲಿ ಎಂದಿತು. ನೋಡಿಯೂ ಬಿಡಲಿಲ್ಲ. ಆಕಾಶವೂ ಬೀಳಲಿಲ್ಲ.

2024ರ ಡಿಸೆಂಬರಿನಲ್ಲಿ ಅಮೆರಿಕದ ಅಧ್ಯಕ್ಷ ಬೈಡನ್ ಅಧಿಕಾರ ಬಿಡುವ ಮುನ್ನ 37 ಮಂದಿಯ ಮರಣದಂಡನೆಯನ್ನು ಪೆರೋಲ್ ಇಲ್ಲದ ಜೀವಾವಧಿಗೆ ಇಳಿಸಿದರು. ಇಬ್ಬರು ಕೈದಿಗಳು ಸಹಿ ಹಾಕಲು ಒಪ್ಪದೆ ಕೋರ್ಟಿಗೆ ಹೋದರು. ಗಲ್ಲಿನ ಪ್ರಕರಣವಾದರೆ ನ್ಯಾಯಾಲಯಗಳು ಕಣ್ಣಿಟ್ಟು ಮತ್ತೆ ಮತ್ತೆ ಪರಿಶೀಲಿಸುತ್ತವೆ, ಜೀವಾವಧಿಯಾದರೆ ಆ ನಿಗಾ ತಪ್ಪುತ್ತದೆ, ಹಾಗಾಗಿ ನಿಮ್ಮ ದಯೆ ನಮಗೆ ಬೇಡ ಎಂಬುದು ಅವರ ತಕರಾರು. ಇಂಥ ತಕರಾರಿಗೆ ಅಲ್ಲಿನ ಸುಪ್ರೀಂ ಕೋರ್ಟು 1927ರಲ್ಲೇ ಉತ್ತರ ಕೊಟ್ಟಿಟ್ಟಿತ್ತು: ಗಲ್ಲನ್ನು ಜೀವಾವಧಿಗೆ ಇಳಿಸಲು ಕೈದಿಯ ಒಪ್ಪಿಗೆ ಬೇಕಿಲ್ಲ.