ಮೊದಲು ಕೂರಿಸಿ, ಆಮೇಲೆ ಕೇಳಿ

ಎರಡು ದಿನದಿಂದ ಯಾವ ಕೆಲಸಕ್ಕೂ ಕೈ ಹೋಗುತ್ತಿಲ್ಲ. ಮೊನ್ನೆ ಸಂಜೆ ನಮ್ಮೂರಲ್ಲಿ ನಡೆದ ರಾಜಿ ಪಂಚಾಯಿತಿ ಕಣ್ಣಿಗೆ ಕಟ್ಟಿದ ಹಾಗಿದೆ. ಮೂಡಿಗೆರೆ ಕಡೆಯ ಕಾಫಿ ತೋಟಗಳಲ್ಲಿ ಕೂಲಿಯವರು ಇರುವ ಲೈನ್ ಮನೆ ಮಕ್ಕಳಿಗೆ ವರ್ಷಗಟ್ಟಲೆ ಪಾಠ ಹೇಳಿದವಳು ನಾನು, ನಿಮಗೆಲ್ಲ ಗೊತ್ತು. ಸುಮ್ನೆ ಇರಲು ಆಗುತ್ತಿಲ್ಲ.

ವಿಷಯ ಇಷ್ಟೇ. ರೋಬಸ್ಟಾ ಕಾಫಿ ಕುಯ್ಲಿಗೆ ಅಸ್ಸಾಂನಿಂದ ಬಂದ ಹುಡುಗನೊಬ್ಬ ದಾರಿಯಲ್ಲಿ ಒಂದು ಮಗುವಿಗೆ ಚಾಕೊಲೇಟ್ ಕೊಟ್ಟ. ಕತ್ತಲಾಗುವಷ್ಟರಲ್ಲಿ ಮಕ್ಕಳ ಕಳ್ಳ ಆಗಿಬಿಟ್ಟ. ಹೊಡೆದಾಟ ಆಗಬಾರದು ಅಂತ ಹಿರಿಯರು ಎರಡೂ ಕಡೆಯವರನ್ನು ಕರೆಸಿದರು. ಅಲ್ಲಿವರೆಗೆ ಸರಿ.

ಆದರೆ ಎಲ್ಲರೂ ಕುರ್ಚಿಯಲ್ಲಿ ಕೂತು ಅವನೊಬ್ಬನನ್ನು ನಡುವೆ ನಿಲ್ಲಿಸಿದರು. ಅವನು ಪ್ಲಾಸ್ಟಿಕ್ ಕವರಿನಲ್ಲಿದ್ದ ಆಧಾರ್ ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದಿದ್ದ. ಯಾರೂ ಅದನ್ನು ಕೇಳಿರಲಿಲ್ಲ. ಕೈ ನಡುಗಿ ಕವರ್ ಚರಚರ ಅನ್ನುತ್ತಿತ್ತು. "ಸತ್ಯ ಹೇಳೋ" ಅಂದರು. ಅವನ ಬಾಯಿಂದ ಮಾತೇ ಬರಲಿಲ್ಲ. "ಸುಮ್ಮನಿದ್ದಾನೆ ಅಂದ್ಮೇಲೆ ಏನೋ ಇದೆ" ಅಂದರು.

ಹೆದರಿದವನು ಮಾತಾಡುವುದು ಹೇಗೆ? ಮೊದಲು ಕೂರಿಸಬೇಕಲ್ವಾ? ಒಂದು ಲೋಟ ನೀರು ಕೊಡಬೇಕಲ್ವಾ?

ಕೊನೆಗೆ ಹಿಂದಿಯಲ್ಲಿ ಮಾತಾಡಿದ. ತನ್ನ ಮಗಳಿಗೂ ಅಷ್ಟೇ ವಯಸ್ಸು, ಮನೆ ಬಿಟ್ಟು ನಾಲ್ಕು ತಿಂಗಳಾಯಿತು, ಮಗುವನ್ನು ನೋಡಿ ಅವಳ ನೆನಪಾಯಿತು ಅಂದ. ತೋಟದ ಲೆಕ್ಕ ಬರೆಯುವ ರೈಟರ್ ಅದನ್ನು ಕನ್ನಡಕ್ಕೆ ತಂದದ್ದು ಒಂದೇ ಮಾತಲ್ಲಿ: "ಏನೂ ಮಾಡಿಲ್ಲ ಅಂತಾನೆ."

ದಕ್ಷಿಣ ಆಫ್ರಿಕಾದಲ್ಲಿ 1996ರಲ್ಲಿ ಆರ್ಚ್‌ಬಿಷಪ್ ಡೆಸ್ಮಂಡ್ ಟುಟು ಅವರ ಸತ್ಯ ಮತ್ತು ಸಂಧಾನ ಆಯೋಗ, ವರ್ಣಭೇದದ ಕಾಲದ ದೌರ್ಜನ್ಯಗಳ ವಿಚಾರಣೆ ಶುರುಮಾಡಿತು. ನೊಂದವರು ತಮ್ಮ ಭಾಷೆಯಲ್ಲೇ ಹೇಳಬಹುದಿತ್ತು. ಪಕ್ಕದಲ್ಲಿ ಧೈರ್ಯ ಹೇಳುವುದಕ್ಕೇ ಒಬ್ಬರು ಕೂರುತ್ತಿದ್ದರು. ಭಾಷಾಂತರ ಮಾಡುವವರು "ಅವನು ಹೀಗಂದ" ಅನ್ನುತ್ತಿರಲಿಲ್ಲ, "ನನ್ನ ಮಗನನ್ನು ಕೊಂದರು" ಅಂತ ನೊಂದವರ ಬಾಯಿಯಾಗಿಯೇ ಹೇಳುತ್ತಿದ್ದರು. ನಮ್ಮ ರೈಟರ್ "ನನಗೂ ಒಬ್ಬಳು ಮಗಳಿದ್ದಾಳೆ" ಅಂತ ಕನ್ನಡದಲ್ಲಿ ಹೇಳಿದ್ದರೆ ಆ ಮಗುವಿನ ತಾಯಿ ತಲೆ ಎತ್ತಿ ನೋಡುತ್ತಿರಲಿಲ್ವಾ?

"ಮಗು ನಮ್ಮದು ಟೀಚರ್, ಹೆದರಿಕೆ ನಮಗಿಲ್ವಾ?" ಅಂತ ಒಬ್ಬರು ಕೇಳಿದರು. ಇದೆ, ಖಂಡಿತ ಇದೆ. ಆ ತಾಯಿ ರಾತ್ರಿಯೆಲ್ಲ ಮಗುವನ್ನು ತಬ್ಬಿಕೊಂಡೇ ಮಲಗಿದ್ದಳಂತೆ. ಆದರೆ ಅವನಿಗೆ ಗದರಿದ್ದರಿಂದ ಅವಳ ಭಯ ಒಂದು ಕೂದಲಷ್ಟಾದರೂ ಇಳಿಯಿತಾ? ಅವಳನ್ನೂ ಯಾರೂ ಮಾತಾಡಿಸಲಿಲ್ಲ. ಅವಳ ಪರವಾಗಿ ಅವಳ ಭಾವನೇ ಮಾತಾಡಿದ.

2012ರ ಆಗಸ್ಟ್ ನೆನಪಿದೆಯಾ? ತಮ್ಮ ಮೇಲೆ ದಾಳಿ ಆಗುತ್ತೆ ಅನ್ನುವ ಎಸ್ಸೆಮ್ಮೆಸ್ ಸುಳ್ಳುಸುದ್ದಿಗೆ ಹೆದರಿ ಈಶಾನ್ಯದ ಸಾವಿರಾರು ಜನ ಬೆಂಗಳೂರಿನಿಂದ ಗುವಾಹಟಿ ರೈಲು ಹತ್ತಿದರು. ಮಂತ್ರಿಗಳೇ ಸ್ಟೇಷನ್ನಿಗೆ ಹೋಗಿ "ಹೆದರಬೇಡಿ" ಅಂದರೂ ಎಷ್ಟೋ ಜನ ನಿಲ್ಲಲಿಲ್ಲ. ಹೆದರಬೇಡಿ ಅಂದ ಮಾತ್ರಕ್ಕೆ ಹೆದರಿಕೆ ಹೋಗಲ್ಲ. ಗುರುತಿನವರು ಯಾರಾದರೂ ಪಕ್ಕದಲ್ಲಿ ಕೂರಬೇಕು.

ಒಂದು ವಿಷಯ ಹೇಳದಿದ್ದರೆ ನನಗೆ ನಿದ್ದೆ ಬರಲ್ಲ. ನನಗೂ ಹಿಂದಿ ಬರುತ್ತೆ. ಅವನು ಹೇಳಿದ್ದಷ್ಟೂ ನನಗೆ ಅರ್ಥವಾಗಿತ್ತು. ಅಷ್ಟು ಗಂಡಸರ ನಡುವೆ ಎದ್ದು ನಿಲ್ಲಲು ನನಗೇ ಹೆದರಿಕೆಯಾಯಿತು. ಹಿಂದಿನ ಸಾಲಿನಲ್ಲಿ ಬಾಯಿ ಮುಚ್ಚಿಕೊಂಡು ಕೂತಿದ್ದೆ. ನಾನು ಎದ್ದು ಅವನ ಪಕ್ಕ ಒಂದು ಕುರ್ಚಿ ಎಳೆದುಕೊಂಡು ಕೂರಬೇಕಿತ್ತು.

"ಎರಡೂ ಕಡೆಯವರು ಒಪ್ಪಿದ್ದಾರೆ" ಅಂತ ಕಾಗದ ಬರೆದರು. ಅವನು ಓದಲು ಬಾರದ ಕನ್ನಡದ ಕೆಳಗೆ ಸಹಿ ಹಾಕಿದ. ಬೆಳಗ್ಗೆ ಲೈನ್ ಮನೆಗೆ ಬೀಗ. ಮೊದಲನೇ ಬಸ್ಸಿಗೇ ಹೋಗಿದ್ದ.

ನಿನ್ನೆ ಆ ತಾಯಿ ಬಂದು ಕೇಳಿದಳು: "ಅವನು ಯಾಕೆ ಓಡಿಹೋದ ಟೀಚರ್? ನಿಜವಾಗಲೂ ಏನಾದ್ರೂ ಮಾಡೋಕೆ ಬಂದಿದ್ನಾ?" ಮಗುವನ್ನು ಇನ್ನೂ ಸೊಂಟದಿಂದ ಇಳಿಸಿಲ್ಲ. ಅವನು ಹೇಳಿದ್ದಷ್ಟನ್ನೂ ಕೂರಿಸಿ ಹೇಳಿದೆ. ಮಗಳ ಮಾತು ಬಂದಾಗ ಅತ್ತುಬಿಟ್ಟಳು. ಮೇಸ್ತ್ರಿ ಹತ್ತಿರ ಅವನ ನಂಬರ್ ಇಸ್ಕೊಂಡು ಅವಳ ಮುಂದೆಯೇ ಎರಡು ಸಲ ಫೋನ್ ಮಾಡಿದೆ. ಸ್ವಿಚ್ ಆಫ್ ಬರುತ್ತಿದೆ.