ಅಂದಾಜಿಗೂ ಒಂದು ಲೆಕ್ಕ ಬೇಕು

ಕಾಫಿ ಬೋರ್ಡಿನ ಪೂಲ್ (ಎಲ್ಲರ ಕಾಫಿಯನ್ನೂ ಬೋರ್ಡೇ ಒಟ್ಟುಗೂಡಿಸಿ ಮಾರುವ ಪದ್ಧತಿ) ಇದ್ದಷ್ಟು ಕಾಲ ಚಿಕ್ಕಮಗಳೂರು, ಸಕಲೇಶಪುರದ ಬೆಳೆಗಾರರಿಗೆ ‘ಯಾವಾಗ ಮಾರಲಿ’ ಎಂಬ ತಲೆನೋವು ಇರಲಿಲ್ಲ. ಬೆಳೆದದ್ದನ್ನು ಪೂಲ್‌ಗೆ ಹಾಕಿದರೆ ಮುಗಿಯಿತು, ದುಡ್ಡು ಕಂತುಕಂತಾಗಿ ಬರುತ್ತಿತ್ತು. 1996ರ ಹೊತ್ತಿಗೆ ಆ ಪದ್ಧತಿ ಪೂರ್ತಿ ಹೋಯಿತು. ಮಾರುವ ಸ್ವಾತಂತ್ರ್ಯ ಬಂತು, ಅದರ ಜೊತೆಗೆ ನಿರ್ಧಾರದ ಹೊರೆಯೂ ಬಂತು. ಇಷ್ಟು ವರ್ಷವಾದರೂ ಆ ನಿರ್ಧಾರವನ್ನು ನಾವು ಹೆಚ್ಚಾಗಿ ಮಾಡುವುದು ಪಕ್ಕದ ತೋಟದವರು ಏನು ಮಾಡಿದರು, ವಾಟ್ಸಾಪ್ ಗುಂಪಿನಲ್ಲಿ ಇವತ್ತಿನ ರೇಟು ಎಷ್ಟು ಬಂತು ಎಂಬುದನ್ನು ನೋಡಿಕೊಂಡೇ.

ಲೆಕ್ಕ ಬರೆಯುವುದರಲ್ಲಿ ನಮ್ಮ ಕಡೆಯವರು ಹಿಂದೆ ಬಿದ್ದವರಲ್ಲ. ತೋಟದಲ್ಲಿ ರೈಟರು ಚೆಕ್‌ರೋಲ್ (ಆಳುಗಳ ಹಾಜರಿ ಪುಸ್ತಕ) ಬರೆಯುತ್ತಾರೆ, ಅಂಗಡಿಯಲ್ಲಿ ಟ್ಯಾಲಿ ಇದೆ, ವರ್ಷಕ್ಕೊಮ್ಮೆ ಆಡಿಟರು ನೋಡುತ್ತಾರೆ. ಆದರೆ ಅದೆಲ್ಲ ಆಗಿಹೋದದ್ದರ ಲೆಕ್ಕ. ನಿರ್ಧಾರಕ್ಕೆ ಬೇಕಾದ ಲೆಕ್ಕವೇ ಬೇರೆ: ಈ ಒಂದು ನಿರ್ಧಾರದಿಂದ ಇನ್ನು ಮುಂದೆ ಯಾವ ಖರ್ಚು ಬದಲಾಗುತ್ತದೆ, ಯಾವ ಆದಾಯ ಬದಲಾಗುತ್ತದೆ ಎಂಬುದಷ್ಟೇ. ಬದಲಾಗದ್ದನ್ನೆಲ್ಲ ಕಾಗದದಿಂದ ಹೊರಗಿಡಬೇಕು. ಕ್ವಾಂಟಿಟೇಟಿವ್ ಅನಾಲಿಸಿಸ್ ಎಂಬ ದೊಡ್ಡ ಹೆಸರಿನ ಒಳಗಿರುವ ಮೊದಲ ಪಾಠ ಇದು. ಇದಕ್ಕೆ ಒಂದು ಹಾಳೆ, ಒಂದು ಕ್ಯಾಲ್ಕುಲೇಟರ್ ಸಾಕು.

ಮೊದಲು ಎಲ್ಲರ ಮನೆಯ ಪ್ರಶ್ನೆಯನ್ನೇ ತೆಗೆದುಕೊಳ್ಳೋಣ: ಈಗಲೇ ಮಾರುವುದೋ, ಇಟ್ಟುಕೊಳ್ಳುವುದೋ? ಕೆಳಗಿನ ರೇಟುಗಳೆಲ್ಲ ಲೆಕ್ಕ ತೋರಿಸಲು ಹಾಕಿಕೊಂಡವು, ಆ ಜಾಗದಲ್ಲಿ ನಿಮ್ಮವನ್ನು ಹಾಕಿಕೊಳ್ಳಿ. 200 ಮೂಟೆ ಅರೇಬಿಕಾ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು, ತೊಳೆದು ಒಣಗಿಸಿದ ಕಾಫಿ) ಇದೆ, ಇವತ್ತಿನ ರೇಟು 50 ಕೆಜಿ ಮೂಟೆಗೆ ₹20,000 ಎನ್ನಿ. ನಾಲ್ಕು ತಿಂಗಳು ಇಟ್ಟುಕೊಂಡರೆ ತಗಲುವ ಖರ್ಚು ಎಷ್ಟು? ವರ್ಷಕ್ಕೆ ಶೇ 12ರ ಬಡ್ಡಿ ಹಿಡಿದರೆ ತಿಂಗಳಿಗೆ ₹200. ಸಾಲವಿಲ್ಲದವರೂ ಇದನ್ನು ಹಿಡಿಯಲೇಬೇಕು, ಆ ದುಡ್ಡು ಬೇರೆ ಕಡೆ ದುಡಿಯುತ್ತಿತ್ತಲ್ಲ. ನಿಮ್ಮ ದುಡ್ಡು ಎಷ್ಟು ದುಡಿಯುತ್ತದೋ ಆ ದರ ಹಾಕಿಕೊಳ್ಳಿ. ಗೋದಾಮು, ವಿಮೆಗೆ ₹50. ತೂಕದ ಕೊರತೆಗೆ ₹25. ಒಟ್ಟು ತಿಂಗಳಿಗೆ ₹275, ನಾಲ್ಕು ತಿಂಗಳಿಗೆ ₹1,100. ಅಂದರೆ ನಾಲ್ಕು ತಿಂಗಳ ನಂತರ ರೇಟು ₹21,100 ಆದರೆ ಇವತ್ತು ಮಾರಿದ್ದಕ್ಕೆ ಸಮ. ₹20,800 ಬಂದಾಗ ‘₹800 ಲಾಭವಾಯಿತು’ ಅಂದುಕೊಳ್ಳುವವರು ನಿಜವಾಗಿ ಮೂಟೆಗೆ ₹300 ಕಳೆದುಕೊಂಡಿರುತ್ತಾರೆ.

ಇನ್ನು ಸಾಧ್ಯತೆಗಳು. ರೇಟು ₹23,000ಕ್ಕೆ ಏರುವ ಸಾಧ್ಯತೆ ಶೇ 30, ₹20,500ರ ಆಸುಪಾಸಿನಲ್ಲಿ ನಿಲ್ಲುವುದು ಶೇ 40, ₹17,500ಕ್ಕೆ ಇಳಿಯುವುದು ಶೇ 30 ಅಂದುಕೊಳ್ಳಿ. ಒಂದೊಂದು ರೇಟನ್ನೂ ಅದರ ಸಾಧ್ಯತೆಯಿಂದ ಗುಣಿಸಿ ಕೂಡಿ: 6,900 + 8,200 + 5,250 = ₹20,350. ಇಟ್ಟುಕೊಂಡ ಖರ್ಚು ₹1,100 ಕಳೆದರೆ ₹19,250. ಇವತ್ತಿನ ₹20,000ಕ್ಕಿಂತ ಕಡಿಮೆ, ಹಾಗಾಗಿ ಮಾರುವುದೇ ಸರಿ.

‘ಶೇ 30 ಅಂತ ಯಾರು ಹೇಳಿದರು’ ಎಂಬ ಪ್ರಶ್ನೆ ಬರಲೇಬೇಕು, ಬರುವುದು ಒಳ್ಳೆಯದೇ. ಲೆಕ್ಕವನ್ನು ತಿರುಗಿಸಿ: ಇಟ್ಟುಕೊಳ್ಳುವುದು ಸರಿಯಾಗಬೇಕಾದರೆ ಏರುವ ಸಾಧ್ಯತೆ ಎಷ್ಟಿರಬೇಕು? ನಡುವಿನ ಶೇ 40 ಹಾಗೇ ಇಟ್ಟರೆ ಉತ್ತರ ಸುಮಾರು ಶೇ 44. ಆಗ ಇಳಿಯುವುದಕ್ಕೆ ಉಳಿಯುವುದು ಶೇ 16 ಮಾತ್ರ. ಏರುವುದು ಇಳಿಯುವುದಕ್ಕಿಂತ ಎರಡೂವರೆ ಪಟ್ಟಿಗೂ ಹೆಚ್ಚು ಖಾತ್ರಿ ಎಂದು ಎದೆ ಮುಟ್ಟಿ ಹೇಳಲು ಆಗುತ್ತದೆಯೇ? ಆಗುವುದಾದರೆ ಇಟ್ಟುಕೊಳ್ಳಿ. ಚರ್ಚೆ ನಡೆಯಬೇಕಾದದ್ದು ಈ ಒಂದು ಅಂಕಿಯ ಮೇಲೆ.

ಆ ಅಂಕಿಯನ್ನು ಗಾಳಿಯಿಂದ ಹಿಡಿಯಬೇಕಾಗಿಲ್ಲ. ಹಳೆಯ ಬಿಲ್ಲುಗಳನ್ನು ತೆಗೆದು 10 ವರ್ಷದ ಮಾರ್ಚ್ ರೇಟು, ಜುಲೈ ರೇಟು ಬರೆದುಕೊಳ್ಳಿ. ವ್ಯತ್ಯಾಸವನ್ನು ರೂಪಾಯಿಯಲ್ಲಿ ಬರೆಯಬೇಡಿ, ಶೇಕಡಾದಲ್ಲಿ ಬರೆಯಿರಿ. ರೇಟಿನ ಮಟ್ಟವೇ ಬದಲಾಗಿರುವಾಗ ಹಳೆಯ ₹500ಕ್ಕೂ ಇಂದಿನ ₹500ಕ್ಕೂ ತಾಳೆಯಾಗುವುದಿಲ್ಲ. ಎಷ್ಟು ವರ್ಷ ಶೇ 10ಕ್ಕಿಂತ ಹೆಚ್ಚು ಏರಿತು, ಎಷ್ಟು ವರ್ಷ ಇಳಿಯಿತು ಎಂಬುದೇ ನಿಮ್ಮ ಮೊದಲ ಅಂದಾಜು. ನ್ಯೂಯಾರ್ಕ್ ಪೇಟೆಯ ಅರೇಬಿಕಾ ರೇಟು, ಲಂಡನ್ ಪೇಟೆಯ ರೋಬಸ್ಟಾ ರೇಟು, ಡಾಲರ್ ದರ ನೋಡಿ ಅದನ್ನು ಸ್ವಲ್ಪ ಆಚೀಚೆ ಮಾಡಬಹುದು. ಅಲ್ಲಿಂದಾಚೆಗೆ ಭಾವನೆಗೆ ಜಾಗ ಕೊಡಬಾರದು.

ಇಲ್ಲಿ ಎಡವುವ ಜಾಗಗಳು ಎರಡು. ‘ಈ ಸಲ ಮೂಟೆಗೆ ಇಷ್ಟು ಖರ್ಚು ಬಿದ್ದಿದೆ, ಅದಕ್ಕಿಂತ ಕಡಿಮೆಗೆ ಕೊಡಲ್ಲ’ ಎಂಬ ಮಾತು ಮೊದಲನೆಯದು. ಗೊಬ್ಬರಕ್ಕೆ, ಕುಯ್ಲಿಗೆ ಹಾಕಿದ ದುಡ್ಡು ಮಾರಿದರೂ ವಾಪಸು ಬರಲ್ಲ, ಇಟ್ಟುಕೊಂಡರೂ ಬರಲ್ಲ. ಹಾಗಾಗಿ ಈ ಹಾಳೆಯಲ್ಲಿ ಅದಕ್ಕೆ ಜಾಗವಿಲ್ಲ. ಎರಡನೆಯದು, ಸರಾಸರಿ ಒಂದನ್ನೇ ನೋಡುವುದು. ರೇಟು ₹17,500ಕ್ಕೆ ಬಿದ್ದರೆ ಖರ್ಚು ಕಳೆದು ಕೈಗೆ ₹16,400. ಮೂಟೆಗೆ ₹3,600 ಹೋಯಿತು, 200 ಮೂಟೆಗೆ ₹7.2 ಲಕ್ಷ. ಬೆಳೆಸಾಲ ನವೀಕರಿಸುವ ತಾರೀಖು ಹತ್ತಿರವಿದ್ದು, ಸಕಾಲದಲ್ಲಿ ಕಟ್ಟಿದರೆ ಸಿಗುವ ಬಡ್ಡಿ ರಿಯಾಯಿತಿಯೂ ತಪ್ಪಿಹೋದರೆ ಅದನ್ನೂ ಸೇರಿಸಿ. ಅಷ್ಟು ಪೆಟ್ಟನ್ನು ತೋಟ ತಡೆಯದು ಎಂದಾದರೆ, ಸರಾಸರಿ ಎಷ್ಟೇ ಆಸೆ ಹುಟ್ಟಿಸಿದರೂ ಸಾಲ, ಸಂಬಳಕ್ಕೆ ಬೇಕಾದಷ್ಟು ಮೂಟೆಯನ್ನು ಮೊದಲು ಮಾರಿಬಿಡಬೇಕು. ಮಳೆಗಾಲ ದಾಟಿಸಿ ಇಡುವವರು ಇನ್ನೊಂದನ್ನು ಹಿಡಿಯಬೇಕು: ಮಲೆನಾಡಿನ ಗೋದಾಮಿನಲ್ಲಿ ಪಾರ್ಚ್‌ಮೆಂಟ್ ತೇವ ಎಳೆದುಕೊಂಡು ಬಣ್ಣ ಕೆಡುತ್ತದೆ. ಆಮೇಲೆ ಬರುವ ಕಡಿತವೂ ಇಟ್ಟುಕೊಂಡ ಖರ್ಚೇ.

ರೋಬಸ್ಟಾ ಚೆರಿ (ಸಿಪ್ಪೆ ಸಮೇತ ಒಣಗಿಸಿದ ಹಣ್ಣು) ಮಾರುವವರ ಕಷ್ಟ ಇನ್ನೊಂದು ಬಗೆಯದು. ಒಬ್ಬ ವ್ಯಾಪಾರಿ ಮೂಟೆಗೆ ಸಾರಾಸಗಟು ₹10,000 ಅನ್ನುತ್ತಾರೆ. ಇನ್ನೊಬ್ಬರು ಓಟಿ (ಔಟ್‌ಟರ್ನ್) ಮೇಲೆ ₹370 ಅನ್ನುತ್ತಾರೆ. ಓಟಿ ಅಂದರೆ 50 ಕೆಜಿ ಚೆರಿಯ ಒಣ ಸಿಪ್ಪೆ ತೆಗೆದಾಗ (ಹಲ್ ಮಾಡಿದಾಗ) ಎಷ್ಟು ಕೆಜಿ ಬೀಜ ಬರುತ್ತದೆ ಎಂಬುದು, ₹370 ಆ ಬೀಜದ ಪ್ರತಿ ಕೆಜಿಗೆ. 10,000ವನ್ನು 370ರಿಂದ ಭಾಗಿಸಿ: 27.03. ನಿಮ್ಮ ಓಟಿ ಅದಕ್ಕಿಂತ ಮೇಲಿದ್ದರೆ ಎರಡನೆಯವರು, ಕೆಳಗಿದ್ದರೆ ಮೊದಲನೆಯವರು. ಹಾಗಾದರೆ ನಿಮ್ಮ ಓಟಿ ಎಷ್ಟು? ‘ನಮ್ಮದು ಯಾವಾಗಲೂ 28’ ಎಂಬುದು ಉತ್ತರವಾಗದು. ಸ್ಯಾಂಪಲ್ ತೆಗೆಯಬೇಕು, ತೆಗೆಯುವ ರೀತಿ ಸರಿಯಿರಬೇಕು. ಮೂಟೆಯ ಬಾಯಿಂದ ಒಂದು ಹಿಡಿ ತೆಗೆದರೆ ಆಗದು, ಸಾಗಿಸುವಾಗ ಸಣ್ಣದು, ಪುಡಿ, ಕಲ್ಲು ಕೆಳಗೆ ಇಳಿದಿರುತ್ತವೆ. ಬೇರೆ ಬೇರೆ ದಿನದ ಕುಯ್ಲಿನ ಒಂಬತ್ತು ಮೂಟೆ ಆರಿಸಿ, ಚುಚ್ಚಿ ತೆಗೆಯುವ ಕೊಳವೆಯಿಂದ ಮೇಲೆ, ನಡುವೆ, ಕೆಳಗೆ ತೆಗೆದು, ಒಂದೊಂದು ಮೂಟೆಯದನ್ನೂ ಬೇರೆಯಾಗಿಯೇ ಹಲ್ ಮಾಡಿಸಿ ತೂಗಿ. ಅದಕ್ಕೂ ಮೊದಲು ತೇವಾಂಶ ನೋಡಿ, ರೋಬಸ್ಟಾ ಚೆರಿಗೆ ಶೇ 11ರ ಮಟ್ಟ. ಅದಕ್ಕಿಂತ ಹಸಿಯಿದ್ದರೆ ಓಟಿ ಅಂಕಿಗೆ ಅರ್ಥವೇ ಇಲ್ಲ.

ಒಂಬತ್ತರ ಸರಾಸರಿ 26.9, ಏರಿಳಿತದ ಅಳತೆಯಾದ ಸ್ಟ್ಯಾಂಡರ್ಡ್ ಡೀವಿಯೇಶನ್ 0.6 ಬಂತು ಎನ್ನಿ. 0.6ನ್ನು 9ರ ವರ್ಗಮೂಲದಿಂದ, ಅಂದರೆ 3ರಿಂದ ಭಾಗಿಸಿದರೆ 0.2. ಒಂಬತ್ತು ಸ್ಯಾಂಪಲ್ಲಿಗೆ ಅದರ 2.3 ಪಟ್ಟು ಆಚೀಚೆ ಹಿಡಿಯಬೇಕು. ನಿಜವಾದ ಓಟಿ ಸುಮಾರು 26.4ರಿಂದ 27.4ರೊಳಗೆ ಎಲ್ಲೋ ಇದೆ, 27.03 ಇದರ ನಡುವೆಯೇ ಬಿತ್ತು. ಹಾಗಾದರೆ ಇನ್ನೂ 30 ಸ್ಯಾಂಪಲ್ ತೆಗೆಯಬೇಕೇ? ಬೇಡ. 26.9ಕ್ಕೆ ಸಿಗುವುದು ₹9,953. ಸಾರಾಸಗಟು ರೇಟಿಗೂ ಇದಕ್ಕೂ ಮೂಟೆಗೆ ₹47 ವ್ಯತ್ಯಾಸ. ಅಷ್ಟಕ್ಕೆ ಮತ್ತಷ್ಟು ಅಳೆಯುವ ಶ್ರಮ ಬೇಕಿಲ್ಲ, ಯಾರು ಬೇಗ ದುಡ್ಡು ಕೊಡುತ್ತಾರೋ ಅವರಿಗೆ ಕೊಡಿ. ಸರಾಸರಿ 27.9 ಬಂದಿದ್ದರೆ ಇಡೀ ವ್ಯಾಪ್ತಿ 27.03ರ ಮೇಲಿರುತ್ತಿತ್ತು, ಮೂಟೆಗೆ ₹323 ಹೆಚ್ಚು, 300 ಮೂಟೆಗೆ ₹96,900. ಒಂದು ಬೆಳಗಿನ ಕೆಲಸಕ್ಕೆ ಇದು ಸಣ್ಣ ಮೊತ್ತವಲ್ಲ. ಇನ್ನೂ ಅಳೆಯಬೇಕೋ, ಸಾಕೋ ಎಂಬುದನ್ನೂ ಲೆಕ್ಕವೇ ಹೇಳಿಕೊಡುತ್ತದೆ. ಈ ವಿದ್ಯೆಯಲ್ಲಿ ನನಗೆ ಬಹಳ ಹಿಡಿಸುವುದು ಇದೇ.

ಯಂತ್ರ ಕೊಳ್ಳುವ ನಿರ್ಧಾರಕ್ಕೆ ಬರೋಣ. ಕುಯ್ಲಿನ ಭರದಲ್ಲಿ ಹಣ್ಣು ಉಳಿಯುತ್ತಿದೆ, ದೊಡ್ಡ ಪಲ್ಪರ್ (ಹಸಿ ಹಣ್ಣಿನ ಸಿಪ್ಪೆ ತೆಗೆಯುವ ಯಂತ್ರ) ಹಾಕಿಸಬೇಕು ಎಂಬ ಮಾತು ಬರುತ್ತದೆ. ಅಮೆರಿಕದ ಪ್ರಾಧ್ಯಾಪಕ ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದ ಒಂದು ನಿಯಮವಿದೆ: ಒಳಗೆ ನಿಂತಿರುವ ಮಾಲು ಅಂದರೆ ದಿನಕ್ಕೆ ಬರುವ ಮಾಲು ಗುಣಿಸು ಅದು ನಿಲ್ಲುವ ದಿನಗಳು. 60 ಜನ ತಲಾ 80 ಕೆಜಿ ಕುಯ್ದರೆ ದಿನಕ್ಕೆ 4,800 ಕೆಜಿ ಅರೇಬಿಕಾ ಹಣ್ಣು, ಐದಕ್ಕೆ ಒಂದರಂತೆ 960 ಕೆಜಿ ಒಣ ಪಾರ್ಚ್‌ಮೆಂಟ್. ಒಣಗಲು 8 ದಿನ ಬೇಕು, ಅಂದರೆ ಕಣದ ಮೇಲೆ 7,680 ಕೆಜಿಗೆ ಜಾಗ ಬೇಕು. ಕಣ ಹಿಡಿಯುವುದು 5,000 ಕೆಜಿ ಮಾತ್ರ ಆದರೆ ದಿನಕ್ಕೆ ತಡೆಯುವುದು 625 ಕೆಜಿ ಪಾರ್ಚ್‌ಮೆಂಟ್, ಅಂದರೆ 3,125 ಕೆಜಿ ಹಣ್ಣು. ಮೋಡ ಕವಿದು ಒಣಗುವುದು 11 ದಿನವಾದರೆ 2,270 ಕೆಜಿಗೆ ಇಳಿಯುತ್ತದೆ. ಪಲ್ಪರ್ ಎಷ್ಟೇ ದೊಡ್ಡದಾದರೂ ಒಂದು ಕೆಜಿಯೂ ಹೆಚ್ಚು ಹೊರಬರುವುದಿಲ್ಲ, ಯಾಕೆಂದರೆ ಸಿಕ್ಕಿಕೊಂಡಿರುವುದು ಕಣದಲ್ಲಿ. ಉಳಿದದ್ದನ್ನು ಚೆರಿ ಮಾಡೋಣ ಅಂದರೆ ಅದು ಕಣದಲ್ಲಿ ಇನ್ನೂ ಹೆಚ್ಚು ದಿನ ಕೂರುತ್ತದೆ.

ಕಣವನ್ನು ಇನ್ನೊಂದು 1,000 ಕೆಜಿಗೆ ದೊಡ್ಡದು ಮಾಡಿದರೆ ದಿನಕ್ಕೆ 125 ಕೆಜಿ ಹೆಚ್ಚು, 40 ದಿನದ ಭರದ ಕುಯ್ಲಿಗೆ 5,000 ಕೆಜಿ, ಅಂದರೆ 100 ಮೂಟೆ. ಹದವಾಗಿ ಒಣಗಿದ ಮೂಟೆಗೂ ರಾಶಿ ಬಿದ್ದು ಹುಳಿ ವಾಸನೆ ಹಿಡಿದ ಮೂಟೆಗೂ ₹1,500 ವ್ಯತ್ಯಾಸವಿದ್ದರೆ ವರ್ಷಕ್ಕೆ ₹1.5 ಲಕ್ಷ. ಸಿಮೆಂಟಿನ ಕಣಕ್ಕೋ ಡ್ರೈಯರ್‌ಗೋ ಆಗುವ ಖರ್ಚನ್ನು ಈ ಮೊತ್ತದ ಪಕ್ಕ ಇಟ್ಟು ನೋಡಬೇಕು.

ಮೂಡಿಗೆರೆ, ಸಕಲೇಶಪುರ ಕಡೆಯ ಹೋಂಸ್ಟೇಗಳಲ್ಲಿ ಕಾಣುವ ತಪ್ಪು ಸರಾಸರಿ ಅಸಲಿನದು. ಆರು ಕೋಣೆ, ತಿಂಗಳಿಗೆ ಸಂಬಳ, ಸಾಲದ ಕಂತು ಸೇರಿ ₹1,50,000 ಖಾಯಂ ಖರ್ಚು. ಜೋಡಿಗೆ ₹5,000 ರೇಟು. ಊಟತಿಂಡಿ, ಬಟ್ಟೆ ಒಗೆತ, ಬುಕಿಂಗ್ ಆ್ಯಪಿನ ಶೇ 15 ಕಮಿಷನ್ ಸೇರಿ ₹2,300 ಹೋಗಿ ಉಳಿಯುವುದು ₹2,700. ತಿಂಗಳಿಗೆ 56 ಕೋಣೆ-ರಾತ್ರಿ ತುಂಬಿದರೆ ಖರ್ಚು ಗಿಟ್ಟಿತು. ಶುಕ್ರವಾರ, ಶನಿವಾರ ಪೂರ್ತಿ ತುಂಬಿದರೂ ಅದು 52ರ ಆಸುಪಾಸು, ವಾರದ ನಡುವಿನವರಿಲ್ಲದೆ ತಿಂಗಳು ಮುಗಿಯದು. ಮಂಗಳವಾರ ಒಬ್ಬರು ನೇರವಾಗಿ ಫೋನ್ ಮಾಡಿ ₹3,500ಕ್ಕೆ ಕೇಳಿದರೆ ಹಲವರು ‘ನಮಗೆ ಅಸಲೇ ₹4,800 ಬೀಳುತ್ತೆ’ ಅಂತ ಬೇಡ ಅಂದುಬಿಡುತ್ತಾರೆ. ₹1,50,000ವನ್ನು 60 ಕೋಣೆ-ರಾತ್ರಿಗೆ ಹಂಚಿ, ₹2,300 ಕೂಡಿಸಿ ಬಂದ ಅಂಕಿ ಅದು. ಆ ರಾತ್ರಿ ಕೋಣೆ ಖಾಲಿಯಿದ್ದರೂ ಸಂಬಳ, ಕಂತು ನಿಲ್ಲುವುದಿಲ್ಲ. ಕಮಿಷನ್ ಇಲ್ಲದ್ದರಿಂದ ಹೆಚ್ಚುವರಿ ಖರ್ಚು ₹1,550, ಕೈಗೆ ₹1,950 ಬರುತ್ತಿತ್ತು. ಒಂದು ಎಚ್ಚರ: ಶನಿವಾರದ ಗಿರಾಕಿಯೇ ಮಂಗಳವಾರಕ್ಕೆ ಸರಿದರೆ, ಅವರು ಬಿಟ್ಟ ಕೋಣೆ ಶನಿವಾರ ತುಂಬದೇ ಹೋದಾಗ, ತಲಾ ₹750 ನಷ್ಟ. ಬಂದವರಲ್ಲಿ ಹತ್ತಕ್ಕೆ ಏಳರವರೆಗೆ ಹೀಗೆ ಸರಿದವರಾದರೂ ರಿಯಾಯಿತಿ ಗಿಟ್ಟುತ್ತದೆ, ಅದರಾಚೆಗೆ ಇಲ್ಲ.

ಹಾಸನದ ಬೇಕರಿಗೂ ಒಂದು ಸೂತ್ರವಿದೆ. ಒಂದು ಬ್ರೆಡ್ಡಿನ ಅಸಲು ₹28, ಮಾರುವುದು ₹40ಕ್ಕೆ, ಮಾರನೇ ದಿನ ರಸ್ಕ್‌ಗೆ ಹೋದರೆ ₹8. ಕಡಿಮೆ ಬಿದ್ದರೆ ಒಂದಕ್ಕೆ ₹12 ನಷ್ಟ, ಹೆಚ್ಚಾದರೆ ₹20. 12ನ್ನು ಎರಡೂ ಸೇರಿದ 32ರಿಂದ ಭಾಗಿಸಿದರೆ 0.375. ಕಳೆದ 40 ಶನಿವಾರಗಳ ಬೇಡಿಕೆಯನ್ನು ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿ, 15ನೆಯ ಅಂಕಿಯಷ್ಟು (40 ಗುಣಿಸು 0.375) ಮಾಡಿಸಿ. ಸರಾಸರಿಯಷ್ಟು ಮಾಡಿಸಿದರೆ ಸಾಮಾನ್ಯವಾಗಿ ಹೆಚ್ಚಾಗುತ್ತದೆ. ಇಲ್ಲಿ ಕೈಕೊಡುವುದು ದಾಖಲೆ: ಸಂಜೆ 5ಕ್ಕೇ ಖಾಲಿಯಾದ ದಿನ ಪುಸ್ತಕದಲ್ಲಿ ಇರುವುದು ಮಾರಾಟ, ಬೇಡಿಕೆ ಅದಕ್ಕಿಂತ ಹೆಚ್ಚಿತ್ತು. ಆದ್ದರಿಂದ ಖಾಲಿಯಾದ ಹೊತ್ತನ್ನೂ ಬರೆದಿಡಬೇಕು, ಬ್ರೆಡ್ ಕೇಳಿ ವಾಪಸು ಹೋದವರಿಗೆ ಒಂದೊಂದು ಗೀಟು ಎಳೆಯಬೇಕು.

ಎಕ್ಸೆಲ್‌ನಲ್ಲಿ ರಿಗ್ರೆಶನ್ (ಒಂದು ಅಂಕಿ ಬದಲಾದರೆ ಇನ್ನೊಂದು ಎಷ್ಟು ಬದಲಾಗುತ್ತದೆ ಎಂದು ಅಂದಾಜಿಸುವ ಲೆಕ್ಕ) ಹಾಕಿ ಹೂಮಳೆಗೂ ಇಳುವರಿಗೂ ಗೆರೆ ಎಳೆಯುವವರು ಈಗ ಹೆಚ್ಚಾಗಿದ್ದಾರೆ. ಅವರಿಗೆ ಹೇಳಬೇಕಾದದ್ದಿದೆ. 10 ವರ್ಷದ ಅಂಕಿಗೆ ಮಳೆ, ಗೊಬ್ಬರ, ನೆರಳು, ಕಾಂಡಕೊರಕ ಅಂತ ನಾಲ್ಕು ಕಾರಣ ಜೋಡಿಸಿದರೆ ಗೆರೆ ಚೆನ್ನಾಗಿ ಕೂರುತ್ತದೆ, ಮುಂದಿನ ವರ್ಷಕ್ಕೆ ಕೆಲಸಕ್ಕೆ ಬರುವುದಿಲ್ಲ. ಅರೇಬಿಕಾ ಒಂದು ವರ್ಷ ಹೊತ್ತು ಇನ್ನೊಂದು ವರ್ಷ ಇಳಿಯುವ ಗಿಡ, ಹಿಂದಿನ ವರ್ಷದ ಇಳುವರಿಯನ್ನು ಸೇರಿಸದೆ ಮಳೆಯನ್ನು ಮಾತ್ರ ಹಿಡಿದರೆ ಗಿಡದ ಗುಣವೆಲ್ಲ ಮಳೆಯ ಲೆಕ್ಕಕ್ಕೆ ಹೋಗುತ್ತದೆ. 2018, 2019ರ ಆಗಸ್ಟ್ ಮಳೆಯಂಥದ್ದು ಒಂದೆರಡು ವರ್ಷ ಸೇರಿದರೆ ಇಡೀ ಗೆರೆಯನ್ನು ಅವೇ ಎಳೆದುಬಿಡುತ್ತವೆ. ಅವನ್ನು ಇಟ್ಟು ಒಮ್ಮೆ, ತೆಗೆದು ಒಮ್ಮೆ ಹಾಕಿ ನೋಡಿ. ಉತ್ತರ ತಲೆಕೆಳಗಾದರೆ ಆ ಗೆರೆಯ ಮೇಲೆ ದುಡ್ಡು ಹಾಕಬೇಡಿ.

ಈ ಸೀಸನ್ನಿನಿಂದಲೇ ಒಂದು ನೋಟ್‌ಬುಕ್ ಇಡಿ. ನಿರ್ಧಾರ ಮಾಡಿದ ದಿನವೇ ನಾಲ್ಕು ಅಂಕಣ ತುಂಬಿ: ತಾರೀಖು, ಮುಂದಿದ್ದ ಆಯ್ಕೆಗಳು, ಯಾವ ಅಂಕಿಗೆ ಶೇಕಡಾ ಎಷ್ಟು ಸಾಧ್ಯತೆ ಕೊಟ್ಟಿರಿ, ಯಾವ ಅಂಕಿ ಬದಲಾದರೆ ನಿರ್ಧಾರ ಬದಲಾಗುತ್ತಿತ್ತು. ಐದನೆಯದು ಖಾಲಿ ಇರಲಿ, ನಾಲ್ಕು ತಿಂಗಳ ನಂತರ ಆದದ್ದನ್ನು ಬರೆಯಲು. ಶೇ 70 ಎಂದು ಬರೆದ ಹತ್ತು ಕಡೆ ಏಳರ ಆಸುಪಾಸು ನಿಜವಾಗಿದ್ದರೆ ನಿಮ್ಮ ಅಂದಾಜು ಸರಿಯಾದ ಜಾಗದಲ್ಲಿದೆ. ನಾಲ್ಕೇ ಆಗಿದ್ದರೆ ಮುಂದಿನ ಸಲ ಶೇ 70 ಅನಿಸಿದಾಗ 50 ಎಂದು ಬರೆದು ಲೆಕ್ಕ ಹಾಕಿ.